ತಂತಿಯಿಲ್ಲದ ದೂರವಾಣಿಯೂ ಮನೆಯ ಹಿರಿಯರೂ

ಉಡುಪಿಯಿಂದ ಬ್ರಹ್ಮಾವರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಸುವರ್ಣಾ ನದಿಗೆ ಈಚೆಯಲ್ಲಿ ಸಂತೆಕಟ್ಟೆಯಿರುವುದು. ಹೆದ್ದಾರಿಯ ಗದ್ದಲವನ್ನು ಬಿಟ್ಟು ಒಂದೆರಡು ಫರ್ಲಾಂಗು ಒಳಕ್ಕೆ ನಡೆದರೆ, ತೆಂಗಿನ ಮರಗಳ ನಡುವೆ ಮುರಕಲ್ಲಿನ ಗೋಡೆಯ, ಹಂಚಿನ ಮಾಡಿನ ಹಳೆಯ ಮನೆಗಳು ಇಂದಿಗೂ ಕಾಣಸಿಗುವುವು. ಇಂತಹ ಅನೇಕ ಮನೆಗಳ ಮಕ್ಕಳು ಮುಂಬಯಿಯಲ್ಲಿಯೋ ಬೆಂಗಳೂರಿನಲ್ಲಿಯೋ ಗಲ್ಫ್ ದೇಶಗಳಲ್ಲಿಯೋ ಉದ್ಯೋಗದಲ್ಲಿರುವರು. ಮನೆಯಲ್ಲಿ ಉಳಿದಿರುವವರು ತಾಯಿತಂದೆಗಳು; ಅನೇಕ ವೇಳೆ ತಾಯಿಯೊಬ್ಬಳೇ.

ಅಂತಹ ಒಂದು ಮನೆಯ ಚಾವಡಿಯಲ್ಲಿ ದೂರವಾಣಿಯ ಗಂಟೆ ಬಾರಿಸಿತೆಂದು ಭಾವಿಸಿರಿ. ತಾಯಿ ಹಿತ್ತಿಲ ಬಾವಿಕಟ್ಟೆಯ ಬಳಿಯಲ್ಲಿರುವಳು. ಮಗನ ಕರೆಯೇ ಇರಬೇಕೆಂಬ ಆತುರದಿಂದ ಸೆರಗಿನಲ್ಲಿ ಕೈ ಒರಸಿಕೊಳ್ಳುತ್ತ, ಆಟಿಯ ಮಳೆಗೆ ಪಾಚಿಗಟ್ಟಿದ ಮೆಟ್ಟಿಲನ್ನೇರಿ, ನುಣುಪಾದ ನೆಲದ ಮೇಲೆ ಒದ್ದೆಗಾಲಿನಲ್ಲಿ ಓಡಿಬರುವಳು. ಕೈ ರಿಸೀವರನ್ನು ಮುಟ್ಟುವಷ್ಟರಲ್ಲಿ ಗಂಟೆ ನಿಂತುಹೋಗುವುದು. ಕರೆದವರು ಯಾರು? ಮಗನೇ, ಮಗಳೇ, ಅಥವಾ ಯಾರದಾದರೂ ಕೆಟ್ಟ ಸುದ್ದಿಯೇ? ಆ ದಿನವೆಲ್ಲ ಅದೇ ಚಿಂತೆ. ಕೆಲವೊಮ್ಮೆ ಗಂಟೆ ನಿಲ್ಲುವುದಕ್ಕೆ ಮೊದಲೇ ಕಾಲು ಜಾರುವುದೂ ಉಂಟು. ಇಳಿವಯಸ್ಸಿನಲ್ಲಿ ಸೊಂಟದ ಮೂಳೆ ಮುರಿಯುವುದೆಂದರೆ ಏನೆಂಬುದನ್ನು ನಾವು ವಿವರಿಸಬೇಕಾದುದಿಲ್ಲ.

ಇಲ್ಲಿ ಎರಡು ಕಷ್ಟಗಳಿವೆ: ಓಡಬೇಕಾದುದು ಒಂದು, ಓಡಿಬಂದರೂ ಕರೆದವರು ತಿಳಿಯದಿರುವುದು ಇನ್ನೊಂದು. ಮೊದಲನೆಯದಕ್ಕೆ ತಂತಿಯಿಲ್ಲದ, ಎಂದರೆ ಕಾರ್ಡ್‌ಲೆಸ್ ದೂರವಾಣಿಯು ಪರಿಹಾರ. ಎರಡನೆಯದಕ್ಕೆ ಅದರೊಡನೆಯೇ ಬರುವ ಆನ್ಸರಿಂಗ್ ಮೆಶಿನ್ ಎಂಬ ಉತ್ತರಯಂತ್ರವು ಪರಿಹಾರ. ಆದರೆ ಈ ಉಪಕರಣವನ್ನು ಕೊಂಡುತಂದು ಜೋಡಿಸುವವನು ಹತ್ತು ದಿನದ ರಜೆಯಲ್ಲಿ ಬಂದ ಮಗ. ವರ್ಷವೆಲ್ಲ ಬಳಸಬೇಕಾದವಳು ತಾಯಿ. ಮಗನು ತನ್ನ ಅನುಕೂಲಕ್ಕೆ ತಕ್ಕಂತೆ ಜೋಡಿಸಿಟ್ಟು ಹೋದರೆ ತಾಯಿಗೆ ಅದು ಚಾವಡಿಯ ಅಲಂಕಾರವಾಗುವುದೇ ಹೊರತು ಸಹಾಯವಾಗದು. ಆದುದರಿಂದ ಮನೆಯಲ್ಲಿ ಅತ್ಯಂತ ಹಿರಿಯರಾದವರು ಒಬ್ಬರೇ ಇದ್ದಾಗ, ಮಳೆಗಾಲದ ರಾತ್ರಿಯಲ್ಲಿಯೂ, ನಿರಾತಂಕವಾಗಿ ಉಪಯೋಗಿಸಬಲ್ಲಂತೆ ಇದನ್ನು ಅಣಿಮಾಡುವ ಬಗೆಯನ್ನು ಇಲ್ಲಿ ತಿಳಿಸುವೆವು.

ಕಿಸೆಗೊಂದು ಮೊಬೈಲು ಇರುವ ಈ ಕಾಲದಲ್ಲಿ ಮನೆಯ ದೂರವಾಣಿಯೇಕೆಂದು ಕೆಲವರು ಕೇಳಬಹುದು. ಭಾರತದಲ್ಲಿ ಮೊಬೈಲು ಸೇವೆಯು ೧೯೯೫ರಲ್ಲಿ ಆರಂಭವಾಗಿ ಮನೆಮನೆಯನ್ನೂ ತಲುಪಿದೆಯೆಂಬುದು ನಿಜ. ಆದರೂ ಮಂಜಾದ ಕಣ್ಣಿಗೆ ಗಾಜಿನ ಮೇಲಿನ ಚಿತ್ರಗಳಿಗಿಂತ ಒತ್ತಿದರೆ ಬೆರಳಿಗೆ ತಿಳಿಯುವ ಗುಂಡಿಗಳೇ ಹಿತ. ಒಣಗಿದ ಬೆರಳಿನ ಸ್ಪರ್ಶವನ್ನು ಗಾಜು ಎಷ್ಟೋ ಸಲ ಗುರುತಿಸುವುದೇ ಇಲ್ಲ. ಅಲ್ಲದೆ ಮನೆಯ ಹಳೆಯ ಸಂಖ್ಯೆಯು ನೆಂಟರಿಗೆಲ್ಲ ಬಾಯಿಪಾಠವಾಗಿರುವುದು. ಮದುವೆಯ ಕಾಗದಗಳಲ್ಲಿ ಅಚ್ಚಾಗಿ ಬಂದಿರುವುದು. ಅದನ್ನು ಉಳಿಸಿಕೊಂಡಿರುವ ಗೃಹಸ್ಥರಿಗಾಗಿಯೇ ಈ ಮಾತುಗಳು.

ಈ ಯಂತ್ರದ ವಂಶಾವಳಿಯನ್ನು ಸ್ವಲ್ಪ ತಿಳಿಯುವುದು ಒಳ್ಳೆಯದು. ಅಲೆಕ್ಸಾಂಡರ್ ಗ್ರಹಾಂ ಬೆಲ್ಲನು ದೂರವಾಣಿಗೆ ಸನ್ನದು ಪಡೆದುದು ೧೮೭೬ರಲ್ಲಿ. ಆರು ವರ್ಷಗಳೊಳಗೆ, ೧೮೮೨ರಲ್ಲಿ, ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ಎಕ್ಸ್‌ಚೇಂಜುಗಳು ತೆರೆದುವು. ಕರೆದವರ ಮಾತನ್ನು ಹಿಡಿದಿಡುವ ಯೋಚನೆಯೂ ಹಳೆಯದೇ. ಡೆನ್ಮಾರ್ಕಿನ ವಾಲ್ಡೆಮಾರ್ ಪೌಲ್ಸೆನ್ ಎಂಬ ಎಂಜಿನಿಯರನು ೧೮೯೮ರಲ್ಲಿ ಉಕ್ಕಿನ ತಂತಿಯ ಮೇಲೆ ಅಯಸ್ಕಾಂತಶಕ್ತಿಯಿಂದ ಧ್ವನಿಯನ್ನು ಮುದ್ರಿಸುವ ಯಂತ್ರವನ್ನು ರಚಿಸಿ, ೧೯೦೦ರ ಪ್ಯಾರಿಸ್ ಪ್ರದರ್ಶನದಲ್ಲಿ ಅದನ್ನು ತೋರಿಸಿ ಬಹುಮಾನವನ್ನು ಪಡೆದನು. ಯಾರೂ ಇಲ್ಲದಾಗ ಬಂದ ದೂರವಾಣಿಯ ಮಾತನ್ನು ಉಳಿಸಿಕೊಳ್ಳಬೇಕೆಂಬುದೇ ಅವನ ಉದ್ದೇಶವಾಗಿದ್ದಿತು. ಆ ಉಕ್ಕಿನ ತಂತಿಯ ಸ್ಥಾನಕ್ಕೆ ಮುಂದೆ ಟೇಪು ಬಂದಿತು. ಈಗ ಉಗುರಿನಷ್ಟು ಅಗಲದ ಚಿಪ್ಪು ಆ ಕೆಲಸವನ್ನು ಮಾಡುತ್ತಿದೆ.

ನಮ್ಮ ಹಳ್ಳಿಗಳಿಗೆ ದೂರವಾಣಿ ಬಂದ ಕಥೆಯಲ್ಲಿ ಕನ್ನಡ ನಾಡಿಗೂ ಒಂದು ಸ್ಥಾನವಿದೆ. ೧೯೮೪ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯು ಧೂಳು, ಸೆಕೆಗಳನ್ನು ತಾಳಿಕೊಂಡು ಹವಾನಿಯಂತ್ರಣವಿಲ್ಲದೆಯೇ ನಡೆಯುವ ಸಣ್ಣ ಎಕ್ಸ್‌ಚೇಂಜನ್ನು ರೂಪಿಸಿತು. ೧೨೮ ಸಂಪರ್ಕಗಳ ಅಂತಹ ಮೊದಲನೆಯ ಎಕ್ಸ್‌ಚೇಂಜು ೧೯೮೬ರಲ್ಲಿ ಆರಂಭವಾದುದು ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಪಟ್ಟಣದ ಶ್ರೀಮಂತರ ಸೊತ್ತಾಗಿದ್ದ ಗಂಟೆಯು ಊರಿನ ಚಾವಡಿಗಳಲ್ಲಿ ಕೇಳಿಬರತೊಡಗಿದುದು ಇಂತಹ ಯಂತ್ರಗಳಿಂದಲೇ.

ಈಗ ಉಪಕರಣದ ಕಡೆಗೆ ಬರೋಣ. ಇದರಲ್ಲಿ ಮುಖ್ಯವಾಗಿ ಎರಡು ಭಾಗಗಳು. ಬೇಸ್ ಎಂದು ಕರೆಯುವ ಪೀಠವು ಒಂದೇ ಕಡೆ ಕುಳಿತಿರುವುದು; ದೂರವಾಣಿಯ ತಂತಿಯೂ ವಿದ್ಯುತ್ತಿನ ಅಡಾಪ್ಟರೂ ಅದಕ್ಕೆ ಸೇರುವುವು. ರಿಸೀವರು ತನ್ನೊಳಗಿನ ಬ್ಯಾಟರಿಯ ಬಲದಿಂದ ಮನೆಯಲ್ಲೆಲ್ಲ ಸಂಚರಿಸಬಲ್ಲುದು. ಇವೆರಡೂ ರೇಡಿಯೋ ಅಲೆಗಳ ಮೂಲಕ ಮಾತನಾಡಿಕೊಳ್ಳುವುವು. ಹಿಂದಿನ ಕಾಲದ ಕಾರ್ಡ್‌ಲೆಸ್‌ಗಳ ಮಾತು ಕೆಲವೊಮ್ಮೆ ನೆರೆಮನೆಯವರ ಯಂತ್ರದಲ್ಲಿಯೂ ಕೇಳಿಬರುತ್ತಿದ್ದಿತು. ಡೆಕ್ಟ್ ಎಂಬ ಡಿಜಿಟಲ್ ಪದ್ಧತಿಯ ಈಚಿನ ಯಂತ್ರಗಳಲ್ಲಿ ಆ ಭಯವು ಬಹುಮಟ್ಟಿಗೆ ಇಲ್ಲ. ಕೊಳ್ಳುವಾಗ ಗುಂಡಿಗಳು ದೊಡ್ಡವಾಗಿವೆಯೇ, ಅಂಕಿಗಳು ಕತ್ತಲಲ್ಲಿ ಬೆಳಗುವುವೇ, ಗಂಟೆಯ ಸದ್ದು ಗಟ್ಟಿಯಾಗಿದೆಯೇ ಎಂಬ ಮೂರನ್ನು ನೋಡಿದರೆ ಸಾಕು. ಉಳಿದ ವೈಭವಗಳು ಹಿರಿಯರಿಗೆ ಬೇಕಾಗಿಲ್ಲ.

ಪೀಠವನ್ನಿಡುವ ಸ್ಥಳವನ್ನು ಮೊದಲು ನಿಶ್ಚಯಿಸತಕ್ಕುದು. ಮನೆಯೊಳಗೆ ಸುಮಾರು ೫೦ ಮೀಟರು, ಬಯಲಿನಲ್ಲಿ ಸುಮಾರು ೩೦೦ ಮೀಟರು ಅಲೆಗಳು ತಲುಪುವುವೆಂದು ತಯಾರಿಸುವವರು ಹೇಳುವರು. ಆದರೆ ನಮ್ಮ ಕಡೆಯ ದಪ್ಪ ಮುರಕಲ್ಲಿನ ಗೋಡೆಗಳೂ ಕಾಂಕ್ರೀಟಿನ ತಾರಸಿಗಳೂ ಆ ಲೆಕ್ಕವನ್ನು ಬಹಳ ಕುಗ್ಗಿಸುವುವು. ಪೀಠವು ಮನೆಯ ನಡುವಿನಲ್ಲಿ, ಎದೆಯೆತ್ತರದ ಹಲಗೆಯ ಮೇಲೆ ಇರಲಿ. ಟೆಲಿವಿಜನ್, ವೈಫೈ ಪೆಟ್ಟಿಗೆ, ಮೈಕ್ರೋವೇವ್ ಒಲೆ ಇವುಗಳಿಂದ ಒಂದೆರಡು ಮೀಟರಾದರೂ ದೂರವಿರಲಿ. ಅಡಿಗೆಮನೆಯ ಹಬೆಯೂ ಕಿಟಿಕಿಯ ಇರಚಲೂ ತಾಗಕೂಡದು. ಜೋಡಿಸಿದ ಮೇಲೆ ಒಬ್ಬರು ಚಾವಡಿಯಲ್ಲಿ ನಿಂತು, ಇನ್ನೊಬ್ಬರು ರಿಸೀವರನ್ನು ಹಿಡಿದು ಮಾತನಾಡುತ್ತ ಬಾವಿಕಟ್ಟೆ, ಹಟ್ಟಿ, ಬಚ್ಚಲು, ಮಾಳಿಗೆ ಎಲ್ಲ ಕಡೆಯೂ ನಡೆದು ನೋಡಲಿ. ತಾಯಿ ದಿನವೂ ಓಡಾಡುವ ಸ್ಥಳಗಳಲ್ಲಿ ಮಾತು ಕಡಿದುಹೋಗುವುದಾದರೆ ಪೀಠದ ಸ್ಥಳವನ್ನು ಬದಲಾಯಿಸಬೇಕು. ಎರಡನೆಯ ರಿಸೀವರನ್ನು ಕೊಂಡು ಹಾಸಿಗೆಯ ಪಕ್ಕದಲ್ಲಿಡುವುದು ಇನ್ನೂ ಒಳ್ಳೆಯದು. ಇವೆರಡರ ನಡುವೆ ಇಂಟರ್‌ಕಾಮಿನಲ್ಲಿ ಮಾತನಾಡುವುದಕ್ಕೆ ಖರ್ಚೂ ಇಲ್ಲ.

ಯಂತ್ರದೊಡನೆ ಬಂದ ಅಡಾಪ್ಟರನ್ನಲ್ಲದೆ ಬೇರೆಯದನ್ನು ಸಿಕ್ಕಿಸಕೂಡದು. ರಿಸೀವರಿನೊಳಗೆ ಸಾಮಾನ್ಯವಾಗಿ ಮರಳಿ ತುಂಬಬಹುದಾದ ಎರಡು ಸಣ್ಣ ಬ್ಯಾಟರಿಗಳಿರುವುವು. ಅವು ಹಳತಾದಾಗ ಅದೇ ಜಾತಿಯವನ್ನೇ ಹಾಕಬೇಕು. ಟಾರ್ಚಿಗೆ ಹಾಕುವ ಸಾಮಾನ್ಯ ಸೆಲ್ಲುಗಳನ್ನು ಹಾಕಿ ಪೀಠದ ಮೇಲಿಟ್ಟರೆ ಅವು ಸೋರಿ ಯಂತ್ರವು ಕೆಡುವುದು. ಮೊದಲನೆಯ ದಿನ ಸುಮಾರು ೭ ಗಂಟೆಗಳ ಕಾಲ ರಿಸೀವರನ್ನು ಪೀಠದ ಮೇಲೆಯೇ ಬಿಟ್ಟು ಬ್ಯಾಟರಿ ತುಂಬಲು ಅವಕಾಶ ಕೊಡಬೇಕು. ಅನಂತರ ದಿನ, ಗಂಟೆಗಳನ್ನು ಸರಿಪಡಿಸಬೇಕು. ಇದನ್ನು ಅನೇಕರು ಅಲಕ್ಷಿಸುವರು. ಆದರೆ ಉತ್ತರಯಂತ್ರವು ಪ್ರತಿಯೊಂದು ಸಂದೇಶದೊಡನೆಯೂ ಅದು ಬಂದ ವೇಳೆಯನ್ನು ಹೇಳುವುದರಿಂದ, ಗಡಿಯಾರವೇ ತಪ್ಪಾದರೆ ನಿನ್ನೆಯ ಕರೆಯು ಇಂದಿನದಾಗಿ ವೃಥಾ ಗಾಬರಿಯಾದೀತು.

ಬಳಿಕ ಮಕ್ಕಳ ಸಂಖ್ಯೆಗಳನ್ನು ಯಂತ್ರದ ನೆನಪಿನಲ್ಲಿ ಸೇರಿಸತಕ್ಕುದು. ೨೦೨೧ನೆಯ ಜನವರಿ ೧೫ರಿಂದ ಮನೆಯ ದೂರವಾಣಿಯಿಂದ ಮೊಬೈಲಿಗೆ ಕರೆಯುವಾಗ ಸಂಖ್ಯೆಯ ಮೊದಲು ಸೊನ್ನೆಯನ್ನು ಒತ್ತಬೇಕೆಂಬ ನಿಯಮ ಬಂದಿದೆ. ಆದುದರಿಂದ ಸೊನ್ನೆಯನ್ನು ಸೇರಿಸಿಯೇ ಬರೆದಿಡಬೇಕು. ಇಲ್ಲವಾದರೆ ಅವಸರದ ವೇಳೆಯಲ್ಲಿ ಕರೆ ಹೋಗದು. ಪರದೇಶದ ಸಂಖ್ಯೆಗೆ ೦೦ ಮತ್ತು ಆ ದೇಶದ ಸಂಕೇತ ಬೇಕು; ಮನೆಯ ಸಂಪರ್ಕಕ್ಕೆ ಅಂತಾರಾಷ್ಟ್ರೀಯ ಕರೆಯ ಸೌಕರ್ಯವಿದೆಯೇ ಎಂಬುದನ್ನೂ ವಿಚಾರಿಸಿಕೊಳ್ಳಬೇಕು. ಹೊರದೇಶದಿಂದ ನಮ್ಮ ಕಡೆಗೆ ಕರೆಯುವವರು ಉಡುಪಿಯ ೦೮೨೦ ಎಂಬುದರ ಸೊನ್ನೆಯನ್ನು ಬಿಟ್ಟು ೯೧ ೮೨೦ ಎಂದು ಆರಂಭಿಸಬೇಕು. ಒಂದನೆಯ ಗುಂಡಿಯನ್ನು ಒತ್ತಿಹಿಡಿದರೆ ಮಗ, ಎರಡನೆಯದಕ್ಕೆ ಮಗಳು, ಮೂರನೆಯದಕ್ಕೆ ಸಮೀಪದ ನೆರೆಮನೆ — ಹೀಗೆ ಒಂದೇ ಗುಂಡಿಯ ಏರ್ಪಾಡು ಮಾಡುವುದು ಉತ್ತಮ. ಅಪಾಯದ ಸಮಯದ ೧೧೨, ಆಂಬ್ಯುಲೆನ್ಸಿನ ೧೦೮ ಇವೆರಡನ್ನು ದಪ್ಪಕ್ಷರಗಳಲ್ಲಿ ಬರೆದು ಗೋಡೆಗೆ ಅಂಟಿಸಬೇಕು.

ಇನ್ನು ಉತ್ತರಯಂತ್ರದ ವಿಚಾರ. ಮನೆಯವರು ಎತ್ತದಿದ್ದರೆ ಇದು ತಾನಾಗಿ ಕರೆಗೆ ಓಗೊಟ್ಟು, ನಾವು ಮುದ್ರಿಸಿಟ್ಟ ಸ್ವಾಗತದ ಮಾತನ್ನು ಹೇಳಿ, ಒಂದು ಸದ್ದು ಮಾಡಿ, ಕರೆದವರ ಮಾತನ್ನು ಹಿಡಿದಿಡುವುದು. ಕಾರ್ಖಾನೆಯಿಂದ ಬರುವ ಸ್ವಾಗತದ ಮಾತು ಬಹುಶಃ ಇಂಗ್ಲಿಷಿನದು. ಊರಿನ ಅತ್ತೆಯೋ ದೊಡ್ಡಮ್ಮನೋ ಅದನ್ನು ಕೇಳಿ ತಪ್ಪು ಸಂಖ್ಯೆಯೆಂದು ಕೆಳಗಿಡುವರು. ಮನೆಮಾತು ತುಳುವಾಗಲಿ ಕೊಂಕಣಿಯಾಗಲಿ ಕನ್ನಡವಾಗಲಿ, ಅದರಲ್ಲಿಯೇ ಮುದ್ರಿಸಬೇಕು. ಕನ್ನಡದಲ್ಲಿ ಇಷ್ಟು ಸಾಕು: “ನಮಸ್ಕಾರ. ಇದು ಸಂತೆಕಟ್ಟೆಯ ಮನೆ. ಈಗ ಫೋನಿನ ಬಳಿಗೆ ಬರಲಾಗಲಿಲ್ಲ. ಒಂದು ಸದ್ದು ಕೇಳುವುದು. ಆಮೇಲೆ ನಿಮ್ಮ ಹೆಸರನ್ನೂ ವಿಷಯವನ್ನೂ ಹೇಳಿರಿ. ನಾವೇ ತಿರುಗಿ ಕರೆಯುವೆವು.” ಮನೆಯಲ್ಲಿ ಯಾರೂ ಇಲ್ಲ, ಮುಂಬಯಿಗೆ ಹೋಗಿದ್ದೇವೆ ಎಂದು ಎಂದೆಂದಿಗೂ ಹೇಳಕೂಡದು, ಅದು ಕಳ್ಳನಿಗೆ ವೀಳ್ಯ ಕೊಟ್ಟು ಕರೆದಂತೆ.

ಸ್ವಾಗತದ ಮಾತು ಯಾರ ಧ್ವನಿಯಲ್ಲಿರಬೇಕೆಂಬುದೂ ಯೋಚಿಸತಕ್ಕ ವಿಷಯವೇ. ನಾವು ಬಲ್ಲ ಒಂದು ಮನೆಯಲ್ಲಿ ದುಬೈಯಿಂದ ರಜೆಯಲ್ಲಿ ಬಂದ ಮಗನು ತನ್ನ ಧ್ವನಿಯಲ್ಲಿಯೇ ಮುದ್ರಿಸಿಟ್ಟು ಮರಳಿಹೋದನು. ಅನಂತರ ಕರೆದ ನೆಂಟರೆಲ್ಲರೂ ಅವನು ಊರಿನಲ್ಲಿಯೇ ಇರುವನೆಂದು ತಿಳಿದರು. “ಬಂದು ತಿಂಗಳಾದರೂ ನಮ್ಮ ಮನೆಗೆ ಕಾಲಿಡಲಿಲ್ಲವಲ್ಲ ಮಗಾ” ಎಂದು ದೊಡ್ಡಮ್ಮನವರೊಬ್ಬರು ಯಂತ್ರದೊಡನೆಯೇ ಮುನಿಸಿಕೊಂಡರು. ಆ ತಾಯಿಯಂತೂ ಸಾಯಂಕಾಲ ಸಂದೇಶಗಳನ್ನು ಕೇಳಿ ನಗುವುದೋ ಅಳುವುದೋ ತಿಳಿಯದೆ ಕುಳಿತರಂತೆ. ಮುಂದಿನ ರಜೆಯಲ್ಲಿ ಮಗನು ತಾಯಿಯ ಧ್ವನಿಯಲ್ಲಿಯೇ ಮುದ್ರಿಸಿದನು. ಈಗ ಅವನು ದೂರದಿಂದ ಕರೆದಾಗ, ತಾಯಿ ಎತ್ತದಿದ್ದರೂ, ಮೊದಲು ಕೇಳಿಬರುವುದು ತಾಯಿಯ ಧ್ವನಿ. ಮನೆಯವರ ಧ್ವನಿಯೇ ಮನೆಯ ಬಾಗಿಲಿನಲ್ಲಿರುವುದು ಸರಿಯೆಂದು ನಮಗೂ ತೋರುವುದು.

ಎಷ್ಟು ಸಲ ಗಂಟೆ ಬಾರಿಸಿದ ಮೇಲೆ ಯಂತ್ರವು ಉತ್ತರ ಕೊಡಬೇಕೆಂಬುದನ್ನು ನಾವೇ ನಿಯಮಿಸಬಹುದು. ನಮ್ಮ ದೇಶದಲ್ಲಿ ದೂರವಾಣಿಯ ಗಂಟೆಯು ಎರಡೆರಡಾಗಿ ಬಾರಿಸಿ, ಸ್ವಲ್ಪ ನಿಂತು, ಮತ್ತೆ ಬಾರಿಸುವುದು; ಈ ಒಂದು ಸುತ್ತಿಗೆ ಸುಮಾರು ೩ ಸೆಕೆಂಡುಗಳು. ನಾಲ್ಕು ಸುತ್ತುಗಳಿಗೆ ನಿಯಮಿಸಿದರೆ ತಾಯಿಗೆ ದೊರೆಯುವ ಕಾಲ ಬರಿಯ ೧೨ ಸೆಕೆಂಡು! ಎದ್ದು ಕನ್ನಡಕವನ್ನು ಹುಡುಕುವುದಕ್ಕೂ ಅದು ಸಾಲದು. ಯಂತ್ರವು ಒಪ್ಪುವಷ್ಟು ಹೆಚ್ಚು, ಆರೇಳು ಸುತ್ತುಗಳನ್ನಾದರೂ ಇಡಬೇಕು. ಕೆಲವು ಯಂತ್ರಗಳಲ್ಲಿ ಟೋಲ್ ಸೇವರ್ ಎಂಬ ಉಪಾಯವುಂಟು: ಹೊಸ ಸಂದೇಶವಿದ್ದರೆ ಬೇಗನೆ, ಇಲ್ಲದಿದ್ದರೆ ತಡವಾಗಿ ಯಂತ್ರವು ಉತ್ತರ ಕೊಡುವುದು. ಹೊರಗಿನಿಂದ ತನ್ನ ಮನೆಗೆ ಕರೆದವನು ಗಂಟೆಗಳನ್ನು ಎಣಿಸಿ, ಸಂದೇಶವಿಲ್ಲವೆಂದು ತಿಳಿದು, ಖರ್ಚಿಲ್ಲದೆ ಕೆಳಗಿಡಬಹುದು. ಮನೆಗೆ ಬೀಗ ಹಾಕಿ ಹೋದಾಗ ಇದು ಚೆನ್ನು. ಹಿರಿಯರು ಮನೆಯಲ್ಲಿರುವಾಗ ಬೇಡ.

ದೂರದಲ್ಲಿರುವ ಮಗನು ಬೇರೆ ಫೋನಿನಿಂದ ಮನೆಗೆ ಕರೆದು, ಗುಪ್ತಸಂಖ್ಯೆಯನ್ನು ಒತ್ತಿ, ಸಂದೇಶಗಳನ್ನು ಕೇಳುವ ಸೌಕರ್ಯವೂ ಅನೇಕ ಯಂತ್ರಗಳಲ್ಲಿರುವುದು. ಕಾರ್ಖಾನೆಯವರು ಕೊಟ್ಟ ಗುಪ್ತಸಂಖ್ಯೆಯು ಪುಸ್ತಕ ಓದಿದವರಿಗೆಲ್ಲ ಗೊತ್ತಿರುವುದರಿಂದ ಅದನ್ನು ಮೊದಲನೆಯ ದಿನವೇ ಬದಲಾಯಿಸಬೇಕು. ಸಂದೇಶಗಳನ್ನು ಕೇಳಿದ ಮೇಲೆ ಅಳಿಸುವ ಅಭ್ಯಾಸವನ್ನೂ ಮಾಡಿಕೊಳ್ಳಬೇಕು. ಯಂತ್ರದ ನೆನಪು ತುಂಬಿದರೆ ಹೊಸ ಮಾತಿಗೆ ಅಲ್ಲಿ ಎಡೆಯಿಲ್ಲ. ಉಳಿಸಿಕೊಳ್ಳಬೇಕಾದ ಧ್ವನಿಯೇನಾದರೂ ಇದ್ದರೆ, ಮೊಮ್ಮಗುವಿನ ಮೊದಲ ಮಾತಿನಂತಹದು, ಅದನ್ನು ಗಟ್ಟಿಯಾಗಿ ನುಡಿಸಿ ಮೊಬೈಲಿನಲ್ಲಿ ಮುದ್ರಿಸಿಟ್ಟುಕೊಳ್ಳುವುದು ಲೇಸು.

ಈ ಯಂತ್ರದಿಂದ ಇನ್ನೊಂದು ರಕ್ಷಣೆಯೂ ಉಂಟು. ಬ್ಯಾಂಕಿನವರೆಂದೋ ಪೋಲೀಸರೆಂದೋ ಹೇಳಿಕೊಂಡು ಹಿರಿಯರನ್ನು ಹೆದರಿಸಿ ಹಣ ಕೀಳುವ ವಂಚಕರು ಈಗ ಹೆಚ್ಚಿದ್ದಾರೆ. ಅವರು ಹೇಳುವ “ಡಿಜಿಟಲ್ ಅರೆಸ್ಟ್” ಎಂಬುದು ನಮ್ಮ ಕಾನೂನಿನಲ್ಲಿಲ್ಲ. ಪರಿಚಯವಿಲ್ಲದ ಸಂಖ್ಯೆ ಕಂಡರೆ ತಾಯಿ ಎತ್ತಬೇಕಾದುದಿಲ್ಲ. ಯಂತ್ರವೇ ಉತ್ತರ ಕೊಡಲಿ. ಕರೆದವರ ಮಾತು ಪೀಠದಿಂದ ಗಟ್ಟಿಯಾಗಿ ಕೇಳಿಬರುವಂತೆ ಇಟ್ಟಿದ್ದರೆ, ಪರಿಚಿತರೆಂದು ತಿಳಿದಾಗ ನಡುವಿನಲ್ಲಿಯೇ ರಿಸೀವರನ್ನೆತ್ತಿ ಮಾತನಾಡಬಹುದು.

ಇಷ್ಟೆಲ್ಲ ಗುಣಗಳಿರುವ ಈ ಯಂತ್ರದ ದೊಡ್ಡ ದೋಷವೊಂದನ್ನು ಮರೆಮಾಚಕೂಡದು: ವಿದ್ಯುತ್ತಿಲ್ಲದೆ ಇದು ನಡೆಯದು. ಹಳೆಯ ತಂತಿಯ ದೂರವಾಣಿಗೆ ಎಕ್ಸ್‌ಚೇಂಜಿನ ಬ್ಯಾಟರಿಗಳಿಂದಲೇ ೪೮ ವೋಲ್ಟಿನ ವಿದ್ಯುತ್ತು ತಾಮ್ರದ ತಂತಿಯಲ್ಲಿ ಬರುತ್ತಿದ್ದುದರಿಂದ, ಮನೆಯಲ್ಲಿ ದೀಪವಾರಿದರೂ ಅದು ಮಾತನಾಡುತ್ತಿದ್ದಿತು. ಕಾರ್ಡ್‌ಲೆಸ್ಸಿನ ಪೀಠಕ್ಕೆ ಆ ಶಕ್ತಿ ಸಾಲದು. ಗಾಳಿಮಳೆಗೆ ತೆಂಗಿನ ಮಡಲು ಬಿದ್ದು ವಿದ್ಯುತ್ತು ಹೋದ ರಾತ್ರಿಯೇ ಹಿರಿಯರಿಗೆ ಫೋನು ಬೇಕಾಗುವ ರಾತ್ರಿ. ಆ ರಾತ್ರಿಯೇ ಇದು ಮೂಕವಾಗುವುದು. ಆದುದರಿಂದ ತಾಮ್ರದ ತಂತಿಯಿರುವ ಮನೆಯಲ್ಲಿ ಹಳೆಯ ಸಾದಾ ದೂರವಾಣಿಯನ್ನು ಎಸೆಯದೆ ಅದೇ ಸಂಪರ್ಕಕ್ಕೆ ಜೋಡಿಸಿಟ್ಟಿರಬೇಕು. ಗಾಜಿನ ಎಳೆಯ, ಎಂದರೆ ಫೈಬರಿನ ಸಂಪರ್ಕವಿರುವ ಮನೆಯಲ್ಲಿ ಇದರಿಂದಲೂ ಪ್ರಯೋಜನವಿಲ್ಲ. ಏಕೆಂದರೆ ಗಾಜಿನ ಎಳೆಯಲ್ಲಿ ಬೆಳಕು ಬರುವುದೇ ಹೊರತು ವಿದ್ಯುತ್ತು ಬರುವುದಿಲ್ಲ. ಅಲ್ಲಿ ಫೈಬರಿನ ಪೆಟ್ಟಿಗೆಯನ್ನೂ ಫೋನಿನ ಪೀಠವನ್ನೂ, ಎರಡನ್ನೂ, ಇನ್‌ವರ್ಟರಿಗೋ ಸಣ್ಣ ಯುಪಿಎಸ್ಸಿಗೋ ಸೇರಿಸಬೇಕು. ಒಂದನ್ನು ಸೇರಿಸಿ ಒಂದನ್ನು ಬಿಟ್ಟರೆ ಫಲವಿಲ್ಲ. ಜೋಡಿಸಿದ ದಿನವೇ ಮೈನ್ ಸ್ವಿಚ್ಚನ್ನು ಆರಿಸಿ, ಒಂದು ಕರೆ ಮಾಡಿ ಪರೀಕ್ಷಿಸಿ ನೋಡಬೇಕು. ಇದೊಂದು ಪರೀಕ್ಷೆಯನ್ನು ಮಾಡದೆ ಮಗನು ವಿಮಾನವನ್ನೇರಕೂಡದು.

ಗುಡುಗು ಮಿಂಚುಗಳ ವಿಷಯದಲ್ಲಿಯೂ ಎಚ್ಚರ ಬೇಕು. ಮುಂಗಾರಿನ ಮೊದಲೂ ಹಿಂಗಾರಿನಲ್ಲಿಯೂ ನಮ್ಮ ಕರಾವಳಿಯಲ್ಲಿ ಸಿಡಿಲಿನ ಆರ್ಭಟ ಹೆಚ್ಚು. ದೂರದಲ್ಲಿ ಗುಡುಗು ಕೇಳಿದೊಡನೆಯೇ ಪೀಠದ ವಿದ್ಯುತ್ತಿನ ಪ್ಲಗ್ಗನ್ನೂ ತಾಮ್ರದ ತಂತಿಯನ್ನೂ ಕಳಚಿಡುವುದು ಕ್ಷೇಮ. ಮಿಂಚು ತಲೆಯ ಮೇಲೆ ಬಂದ ಬಳಿಕ ಅವುಗಳನ್ನು ಮುಟ್ಟಕೂಡದು, ತಂತಿಯ ದೂರವಾಣಿಯಲ್ಲಿ ಮಾತನಾಡಲೂ ಕೂಡದು. ಆ ಹೊತ್ತಿಗೆ ತುಂಬಿದ ಬ್ಯಾಟರಿಯ ಮೊಬೈಲೊಂದು ಕೈಯಳತೆಯಲ್ಲಿರಲಿ.

ಪಾಲನೆಯು ಕಠಿಣವಲ್ಲ. ಮಳೆಗಾಲದ ತೇವಕ್ಕೆ ರಿಸೀವರಿನ ಮತ್ತು ಪೀಠದ ಲೋಹದ ತುದಿಗಳು ಮಾಸಿ, ಬ್ಯಾಟರಿ ತುಂಬದೆ ಹೋಗುವುದುಂಟು. ತಿಂಗಳಿಗೊಮ್ಮೆ ಒಣಬಟ್ಟೆಯಿಂದ ಒರಸಿದರೆ ಸಾಕು. ತಂತಿ ಸಿಕ್ಕಿಸುವ ತೂತುಗಳಲ್ಲಿ ಇರುವೆಗಳು ಗೂಡು ಕಟ್ಟದಂತೆ ನೋಡಿಕೊಳ್ಳಬೇಕು. ಮಾತಿನ ನಡುವೆ ರಿಸೀವರು ಬೇಗ ಬೇಗನೆ ಸೋತುಹೋಗತೊಡಗಿದರೆ ಬ್ಯಾಟರಿ ಬದಲಾಯಿಸುವ ಕಾಲ ಬಂದಿತೆಂದು ತಿಳಿಯಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಕಲಿಸುವ ಕೆಲಸ. ಮಗನು ತಾನೇ ಗುಂಡಿಗಳನ್ನು ಒತ್ತಿ ತೋರಿಸಿ “ಇಷ್ಟೇ ಅಮ್ಮ” ಎಂದು ಎದ್ದುಹೋಗುವುದು ಕಲಿಸುವಿಕೆಯಲ್ಲ. ರಿಸೀವರನ್ನು ತಾಯಿಯ ಕೈಗೆ ಕೊಟ್ಟು, ತಾನು ಕೈಕಟ್ಟಿ ಕುಳಿತು, ಆಕೆಯಿಂದಲೇ ಮಾಡಿಸಬೇಕು. ಎತ್ತುವುದು, ಇಡುವುದು, ಮಗನನ್ನು ಕರೆಯುವುದು, ಸಂದೇಶವನ್ನು ಕೇಳುವುದು, ಈ ನಾಲ್ಕೇ ಸಾಕು. ಆ ನಾಲ್ಕು ಗುಂಡಿಗಳಿಗೆ ಬಣ್ಣದ ಚೀಟಿಗಳನ್ನು ಅಂಟಿಸಬಹುದು. ಹಿತ್ತಿಲಿಗೆ ಹೋಗುವಾಗಲೂ ಬಚ್ಚಲಿಗೆ ಹೋಗುವಾಗಲೂ ರಿಸೀವರನ್ನು ಜತೆಯಲ್ಲಿ ಒಯ್ದು ನೀರು ತಾಗದ ಕಡೆ ಕೈಗೆಟಕುವಂತೆ ಇಡುವ ರೂಢಿಯಾಗಬೇಕು. ರಾತ್ರಿ ಮಲಗುವಾಗ ಮರಳಿ ಪೀಠದ ಮೇಲಿಡಬೇಕು. ಇದನ್ನು ಮಗನು ರಜೆಯ ಕೊನೆಯ ದಿನದಲ್ಲಲ್ಲ, ಮೊದಲನೆಯ ದಿನದಲ್ಲಿಯೇ ಆರಂಭಿಸಬೇಕು. ಹಾಗೆ ಮಾಡಿದರೆ ತಪ್ಪಿದುದನ್ನು ತಿದ್ದುವುದಕ್ಕೆ ಒಂಬತ್ತು ದಿನಗಳು ಉಳಿಯುವುವು.

ಕೊನೆಯಲ್ಲಿ ದೂರದಲ್ಲಿರುವ ಮಕ್ಕಳಿಗೂ ಒಂದು ಮಾತು. ಯಂತ್ರವು ಉತ್ತರ ಕೊಟ್ಟಿತೆಂದು ಮೌನವಾಗಿ ಕೆಳಗಿಡಬೇಡಿರಿ. “ಅಮ್ಮಾ, ನಾನು, ವಿಶೇಷವೇನಿಲ್ಲ, ಸುಮ್ಮನೆ ಕರೆದೆ. ರಾತ್ರಿ ಒಂಬತ್ತಕ್ಕೆ ಮತ್ತೆ ಕರೆಯುವೆ” ಎಂದು ಹೇಳಿರಿ, ಹೇಳಿದಂತೆ ಕರೆಯಿರಿ. ಕರೆದ ಸದ್ದು ಕೇಳಿಯೂ ಕರೆದವರು ಯಾರೆಂದು ತಿಳಿಯದೆ ಕುಳಿತಿರುವ ಹಿರಿಯರ ಸಂಜೆಯನ್ನು ಹಗುರಮಾಡುವುದಕ್ಕೆ ಆ ಹತ್ತು ಸೆಕೆಂಡಿನ ಮಾತು ಸಾಕಾಗುವುದು. ಓಡುವ ಕಷ್ಟವನ್ನು ಯಂತ್ರವು ತಪ್ಪಿಸಿತು. ಕಾಯುವ ಕಷ್ಟವನ್ನು ತಪ್ಪಿಸುವುದು ನಿಮ್ಮ ಕೈಯಲ್ಲಿದೆ.